ಗುಂಡುಕಲ್ಲಿನ ಕವಣೆ

ಕೂಡ್ಲಿಗಿ
4 ಜೂನ್ 2024

ದುರುಗಪ್ಪ ಸರ್ ಅವರಿಗೆ,

ನಮಸ್ಕಾರ ಸರ್. ನಾನು ಹುಲುಗೇಶ್. ಕೂಡ್ಲಿಗಿ ಬಸ್ ಸ್ಟ್ಯಾಂಡ್ ಎದುರಿಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ವಯಸ್ಸು ಹತ್ತೊಂಬತ್ತು. ಪರೀಕ್ಷೆ ಬಿಟ್ಟರೆ ನಾನು ಪೆನ್ನು ಹಿಡಿದು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನಮ್ಮದೆಲ್ಲ ಗ್ರೂಪ್‌ನಲ್ಲಿ ಎರಡು ಪದ, ಮೂರು ಎಮೋಜಿ, ಮುಗೀತು. ಕಾಗದ ಅಂದರೆ ನೆಟ್ಟಗೆ ಬರೀಬೇಕು ಅಂತ ನಮ್ಮ ಚಿಕ್ಕಪ್ಪನ ಮಗಳು ದುರ್ಗಾ ಹೇಳಿದ್ದಾಳೆ. ತಪ್ಪಾದರೆ ಬೈಕೋಬೇಡಿ.

'ಹಳೇ ಗೇಮ್ ಹುಚ್ಚರು' ಅಂತ ನಮ್ಮದೊಂದು ಗ್ರೂಪ್ ಇದೆ ಸರ್, ನಲವತ್ತೊಂದು ಜನ. ಅದರಲ್ಲಿ ಯಾರೋ ನಿಮ್ಮ 'ಗುಂಡುಕಲ್ಲು' ಗೇಮ್ ಹಾಕಿದರು. ತೆರೆದರೆ ಫೋನ್ ನಂಬರ್ ಇಲ್ಲ, ಈಮೇಲ್ ಇಲ್ಲ. 'ಆಡಿದವರು ಕಾಗದ ಬರೆಯಿರಿ, ಕೇರಾಫ್ ದುರುಗಪ್ಪ, ಚಿಗಟೇರಿ' ಅಂತ ಮಾತ್ರ. ನಾನು ಪೋಸ್ಟಾಫೀಸಿಗೆ ಓಡಿದೆ.

ಸರ್, ಆ ಆಕಾಶ! ಹದಿನಾರೇ ಬಣ್ಣ ಇಟ್ಟುಕೊಂಡು ನಮ್ಮೂರ ಸಾಯಂಕಾಲ ಹೆಂಗ್ ಮಾಡಿದ್ರಿ? ಬಂಡೆಗಳ ನೆರಳು ಮೆಲ್ಲಗೆ ಉದ್ದ ಆಗುತ್ತಲ್ಲ, ಅದನ್ನು ನೋಡುತ್ತಾ ನಾನು ಆಡೋದನ್ನೇ ಮರೆತೆ. ಮೊದಲನೇ ಗುಡ್ಡದ ಕೆಳಗೆ, ದೂರದಲ್ಲಿ, ಹೈವೇ ಮೇಲೆ ಇರುವೆ ಗಾತ್ರದ ಕೆಂಪು ಬಸ್ ಹೋಗುತ್ತೆ. ವಾಪಸ್ ಬರುತ್ತಾ ಅಂತ ಗಡಿಯಾರ ಇಟ್ಟು ಕಾದೆ. ನಾಲ್ಕು ನಿಮಿಷಕ್ಕೆ ಬಂತು! ಎರಡನೇ ಗುಡ್ಡದಲ್ಲಿ ಕರಡಿ. ಎಲ್ಲಾ ಗೇಮಲ್ಲೂ ಕರಡಿ ಅಂದರೆ ಹೊಡೆಯೋಕೆ ಬರುತ್ತೆ. ನಿಮ್ಮ ಕರಡಿ ಕಾರೆಹಣ್ಣು ತಿಂದು, ಮೂತಿ ಒರೆಸಿಕೊಂಡು ಮಲಗುತ್ತೆ. ನಾನು ಕೈ ಮುಗಿದೆ ಸರ್.

"ಏನೈತಿ ಅಂಥಾದ್ದು ಇದ್ರಾಗ?" ಅಂತ ದುರ್ಗಾ ಕೇಳಿದಳು. ನಾನು ಹೇಳಿದೆ: "ಗಾಳಿ ಅಂತ ಒಂದು ಹುಡುಗಿ. ಈಕಿಗೆ ಜಿಗಿಯಾಕ ಬರಂಗಿಲ್ಲ. ಹಕ್ಕಿ ಓಡಿಸೋ ಕವಣಿ ಐತಿ ಕೈಯಾಗ. ಕೀಲಿ ಒತ್ತಿ ಹಿಡಿದ್ರ ಕವಣಿ ತಿರುಗ್ತತಿ, ಬಿಟ್ರ ಕಲ್ಲು ಹಾರ್ತತಿ. ಕಲ್ಲು ಬಂಡಿಗೆ ಬಡಿದ ಜಾಗದಾಗ ಒಂದು ಮೆಟ್ಲು ಮೂಡ್ತತಿ. ಹಂಗ ಮೆಟ್ಲು ಮಾಡ್ಕೊಂತ ಐದು ಗುಡ್ಡ ಹತ್ತಬೇಕು." ಆಕೆ ಕೆಲಸ ಬಿಟ್ಟು ಪಕ್ಕ ಬಂದು ಕೂತಳು. ದುರ್ಗಾ ಕೆಲಸ ಬಿಟ್ಟು ಕೂರೋದು ಸಣ್ಣ ಮಾತಲ್ಲ ಸರ್.

ಐದೂ ಗುಡ್ಡ ಮುಗಿಸಿದೆ. ಕೊನೆ ನೋಡಿ ಮೈ ಜುಮ್ ಅಂತು. ನೀವು ದೊಡ್ಡವರು.

ನಿಮ್ಮ ಅಭಿಮಾನಿ,
ಹುಲುಗೇಶ್


ಚಿಗಟೇರಿ
19 ಜೂನ್ 2024

ಹುಲುಗೇಶ್ ಅವರಿಗೆ,

ನಿಮ್ಮ ಪತ್ರ ನಮ್ಮಪ್ಪನ ಕೈಗೆ ಹೋಯಿತು. ದುರುಗಪ್ಪ ಅವರೇ. ಅವರು ಜೋಳದ ಹೊಲ ಕಾಯುವವರು, ಕಂಪ್ಯೂಟರ್ ಮುಟ್ಟಿದವರಲ್ಲ. ಕಟ್ಟೆಯ ಮೇಲೆ ಕೂತು ಅಕ್ಕಪಕ್ಕದವರಿಗೆಲ್ಲ ಓದಿಸಿ, "ಯಾವನೋ ಕೂಡ್ಲಿಗ್ಯಾವ, ನಾ ಮಾಡಿದ ಆಕಾಶ ಚೆಂದ ಐತಿ ಅಂತ ಬರ್ದಾನ ನೋಡ್ರಿ" ಎಂದು ಎರಡು ದಿನ ಮೆರೆದರು. ಆಮೇಲೆ ನನಗೆ ಕೊಟ್ಟರು.

ಆಟ ಮಾಡಿದ್ದು ನಾನು, ಅವರ ಮಗಳು ಮಾಲಾ. ಹರಪನಹಳ್ಳಿಯ ಒಂದು ವೇಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಆಪರೇಟರ್. ಮೆಕ್ಕೆಜೋಳದ ಲಾರಿ ತೂಕದ ಕಟ್ಟೆ ಏರುತ್ತದೆ, ನಾನು ತೂಕದ ಚೀಟಿ ಮುದ್ರಿಸಿ ಕೊಡುತ್ತೇನೆ. ಸುಗ್ಗಿ ಕಳೆದ ಮೇಲೆ ದಿನಕ್ಕೆ ನಾಲ್ಕೈದು ಗಾಡಿ ಬಂದರೆ ಹೆಚ್ಚು. ಆ ಬಿಡುವಿನಲ್ಲಿ, ಅದೇ ಹಳೆಯ ಕಂಪ್ಯೂಟರಿನಲ್ಲಿ, ಆರು ವರ್ಷ ಕೂತು ಮಾಡಿದ್ದು.

ಮೊದಲು ಫೋನ್ ನಂಬರನ್ನೇ ಹಾಕಿದ್ದೆ. ಒಂದೇ ಸಂಜೆ ಹದಿನೇಳು ನಗುವ ಮುಖ ಬಂದವು. ಮಾತಿಲ್ಲ, ಬರೀ ಮುಖ. ನಗುವುದಕ್ಕೋಸ್ಕರ ಯಾರೂ ಅಂಚೆ ಕಚೇರಿಯ ತನಕ ಹೋಗುವುದಿಲ್ಲ ಎಂದು ವಿಳಾಸ ಹಾಕಿದೆ. ಒಂದೂವರೆ ವರ್ಷದಲ್ಲಿ ಬಂದದ್ದು ನಿಮ್ಮದೊಂದೇ.

ಈ ಅಕ್ಟೋಬರಿಗೆ ಹೊಸ ಮೆಕ್ಕೆಜೋಳದ ಮಾಲು ಬರಲು ಶುರುವಾಗುತ್ತದೆ. ಅಷ್ಟರೊಳಗೆ ಒಬ್ಬರಾದರೂ ಆಟ ಮುಗಿಸದಿದ್ದರೆ ಇದನ್ನು ಅಳಿಸಿ ಹಾಕಿ ಸುಮ್ಮನಾಗಬೇಕೆಂದು ತೀರ್ಮಾನಿಸಿದ್ದೆ. ಈಗ ನೀವು ಮುಗಿಸಿದೆ ಅನ್ನುತ್ತೀರಿ.

ಐದನೇ ಗುಡ್ಡದ ತುದಿಯಲ್ಲಿ ನಿಮಗೆ ಏನೇನು ಕಂಡಿತು, ಬರೆಯುತ್ತೀರಾ? ಅವಸರವಿಲ್ಲ.

ಮಾಲಾ


ಕೂಡ್ಲಿಗಿ
26 ಜೂನ್ 2024

ಮಾಲಕ್ಕನಿಗೆ,

ಸರ್ ಸರ್ ಅಂತ ಬರೆದದ್ದಕ್ಕೆ ಕ್ಷಮಿಸಿ. ಒಬ್ಬರೇ! ವೇಬ್ರಿಡ್ಜ್‌ನಲ್ಲಿ! ನಾನು ಒಂದು ಕಂಪನಿಯೇ ಇರಬೇಕು ಅಂದುಕೊಂಡಿದ್ದೆ. ಅಳಿಸೋ ಮಾತು ಆಡಬೇಡಿ ಅಕ್ಕ. ನಿಮ್ಮ ಕಾಲು ಹಿಡಿತೀನಿ.

ಕೊನೆ ಕೇಳಿದ್ರಲ್ಲ. ಗಾಳಿ ತುದಿಗೆ ಬಂದು ನಿಲ್ಲುತ್ತಾಳೆ. ಕವಣೆಯನ್ನು ತಲೆಗೆ ಸುತ್ತಿಕೊಳ್ಳುತ್ತಾಳೆ. ಕತ್ತಲಾಗ್ತಾ ಇರುತ್ತೆ. ದೂರದಲ್ಲಿ ಒಂದು ದೀಪ ಹತ್ತುತ್ತೆ, ಅದು ಕೂಡ್ಲಿಗಿ. ಆಮೇಲೆ ಕೊಟ್ಟೂರು. ಆಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ, ಕೊನೆಗೆ ಹರಪನಹಳ್ಳಿ. ಆಕೆ ಕೆಳಗೆ ನೋಡುತ್ತಾಳೆ. ತಾನು ಮಾಡಿಕೊಂಡು ಬಂದ ಮೆಟ್ಟಿಲು ಒಂದೂ ಅಳಿಸಿಲ್ಲ. ಆ ಮೆಟ್ಟಿಲ ಮೇಲೆ ಮೊದಲು ಒಂದು ಮೇಕೆ ಹತ್ತುತ್ತೆ. ಆಮೇಲೆ ಬುಟ್ಟಿ ಹೊತ್ತ ಹೆಂಗಸು. ಆಮೇಲೆ ಮಕ್ಕಳು. ಊರಿಗೆ ಊರೇ. ಯಾರಿಗೂ ಜಿಗಿಯೋಕೆ ಬರಲ್ಲ, ಆದರೆ ಎಲ್ಲರೂ ಹತ್ತುತ್ತಾ ಇರುತ್ತಾರೆ.

ನನಗೆ ಕಂಡದ್ದು ಇಷ್ಟು ಅಕ್ಕ.

ಕವಣೆ ಬಗ್ಗೆ ಗ್ರೂಪಲ್ಲಿ ಒಬ್ಬರಿಬ್ಬರು ಏನೇನೋ ಅಂತಾರೆ. ರೂಢಿ ಆದರೆ ಸರಿ ಹೋಗುತ್ತೆ. ತಲೆ ಕೆಡಿಸಿಕೊಳ್ಳಬೇಡಿ.

ಹುಲುಗೇಶ್


ಚಿಗಟೇರಿ
2 ಸೆಪ್ಟೆಂಬರ್ 2024

ಹುಲುಗೇಶ್‌ಗೆ,

ಎರಡು ತಿಂಗಳು ಉತ್ತರಿಸಲಿಲ್ಲ. ಕೈತುಂಬ ಕೆಲಸವಿತ್ತು. ನೀವು ನನಗಿಂತ ಚಿಕ್ಕವರು, ಇನ್ನು ಮೇಲೆ ನೀನು ಅನ್ನುತ್ತೇನೆ.

ಕವಣೆಯ ಮೇಲೆ ನಿನ್ನ ಗ್ರೂಪಿನವರದು ತಕರಾರು ಅಂದೆ. ಮುಗಿಸಿದವನು ನೀನೊಬ್ಬ, ನಿನ್ನದು ತಕರಾರಿಲ್ಲ. ಹಾಗಾಗಿ ಅದನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ. ಅಕ್ಟೋಬರ್ 19ಕ್ಕೆ ಹೊಸಪೇಟೆಯಲ್ಲಿ ಒಂದು ಕಾಲೇಜಿನವರು ಸ್ವಂತ ಆಟ ಮಾಡಿದವರನ್ನೆಲ್ಲ ಕರೆದು ಪ್ರದರ್ಶನ ಇಡುತ್ತಿದ್ದಾರೆ. ಮೊನ್ನೆ ಧೈರ್ಯ ಮಾಡಿ ಹೆಸರು ಕೊಟ್ಟೆ. ಮಂದಿ ನನ್ನ ಎದುರಿಗೆ ಕೂತು ಇದನ್ನು ಆಡುವುದನ್ನು ನಾನು ಈವರೆಗೆ ನೋಡಿಲ್ಲ.

ನಿನ್ನ ಮಾತಿನ ಮೇಲೆ ಹೋಗುತ್ತಿದ್ದೇನೆ.

ಮಾಲಾ


ಕೂಡ್ಲಿಗಿ
8 ಸೆಪ್ಟೆಂಬರ್ 2024

ಅಕ್ಕ,

ನೀವು ಬೈಯುವುದಾದರೆ ಈ ಕಾಗದ ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಆಟ ಮುಗಿಸಿಲ್ಲ. ಎರಡನೇ ಗುಡ್ಡ ದಾಟಿಲ್ಲ. ಕರಡಿ ಮಲಗುವುದು ನೋಡಿದ್ದೇನೆ, ಅದರ ಆಚೆ ಏನಿದೆ ಅಂತ ಗೊತ್ತಿಲ್ಲ. ಗ್ರೂಪಿನ ನಲವತ್ತೊಂದು ಜನರಲ್ಲಿ ಯಾರೂ ದಾಟಿಲ್ಲ. ಮೊದಲನೇ ಪತ್ರದಲ್ಲಿ ಮುಗಿಸಿದೆ ಅಂತ ಯಾಕೆ ಬರೆದೆ ಅಂದರೆ, ಅಷ್ಟು ಹೊಗಳಿ 'ಆದರೆ ಎರಡನೇ ಗುಡ್ಡಕ್ಕೇ ಬಿಟ್ಟೆ' ಅಂತ ಬರೆಯೋಕೆ ನಾಚಿಕೆ ಆಯಿತು. ಆಮೇಲೆ ನೀವು ಕೊನೆ ಕೇಳಿದ್ರಿ. ಅಂಗಡಿಯಲ್ಲಿ ಕೂತು, ಒಡೆದ ಸ್ಕ್ರೀನ್ ಬದಲಾಯಿಸುತ್ತಾ, ಒಂದೊಂದೇ ಸಾಲು ಹುಟ್ಟಿಸಿದೆ.

ನಿಮ್ಮ ಪತ್ರ ದುರ್ಗಾಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯೋದು ನಿಲ್ಲಿಸಿ ಅಂದಳು: "ಲೇ, ನಿನ್ನ ಸುಳ್ಳು ನಂಬಿ ಆಕಿ ಮಂದಿ ಮುಂದ ಕುಂದ್ರಾಕ ಹೊಂಟಾಳ. ಅಲ್ಲಿ ನಗೋರು ಎದುರಿಗೇ ನಗ್ತಾರ. ನಿನಗ ನಾಚಿಕಿ ಆಗೂದಿಲ್ಲೇನು?" ಆಯಿತು ಅಕ್ಕ. ಬಹಳ ಆಯಿತು.

ಅದಕ್ಕೇ ಈಗ ನಿಜ ಬರೆಯುತ್ತೇನೆ. ಕವಣೆ ಸರಿಯಿಲ್ಲ. ಕೀಲಿ ಬಿಡುತ್ತೇನೆ, ಕಲ್ಲು ಮುಂದೆ ಹೋಗುತ್ತೆ. ಹಾಗೇ ಬಿಡುತ್ತೇನೆ, ಹಿಂದಕ್ಕೆ ಹೋಗುತ್ತೆ. ಯಾಕೆ ಹೋಯಿತು, ಯಾಕೆ ಹೋಗಲಿಲ್ಲ, ತಿಳಿಯಲ್ಲ. ಸೋತರೆ ಬೇಜಾರಿಲ್ಲ ಅಕ್ಕ, ಯಾಕೆ ಸೋತೆ ಅಂತ ಗೊತ್ತಾಗಲ್ಲ ನೋಡಿ, ಅದು ಬೇಜಾರು. ಗ್ರೂಪಲ್ಲಿ ಗಾದಿಲಿಂಗ ಅಂತ ಇದ್ದಾನೆ, ಹಡಗಲಿಯವನು. ಅವನು ಬರೆದದ್ದು: "ಗುಡಿ ಕಟ್ಯಾರ, ಬಾಗಿಲಾ ಇಟ್ಟಿಲ್ಲ." ನನಗೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ.

ಪ್ರದರ್ಶನಕ್ಕೆ ಮೊದಲು ಅದನ್ನು ಬದಲಾಯಿಸಿ. ಇಲ್ಲಾ ಹೋಗಬೇಡಿ.

ಹುಲುಗೇಶ್


ಚಿಗಟೇರಿ
15 ಸೆಪ್ಟೆಂಬರ್ 2024

ಹುಲುಗೇಶ್,

ನನಗೆ ಗೊತ್ತಿತ್ತು. ಮೊದಲನೇ ಪತ್ರದಲ್ಲೇ ಗೊತ್ತಾಯಿತು.

ಐದನೇ ಗುಡ್ಡದ ತುದಿಯಲ್ಲಿ ಏನೂ ಇರಲಿಲ್ಲ. ಕಪ್ಪು ಪರದೆ. 'ಮುಗಿಯಿತು' ಎಂಬ ಪದವೂ ಇರಲಿಲ್ಲ. ಅಲ್ಲಿಯ ತನಕ ಯಾರೂ ಬರುವುದಿಲ್ಲವೆಂದು ಬಿಟ್ಟಿದ್ದೆ. ನಾನೇ ಹೋಗಿಲ್ಲ. ನನ್ನ ಕೈಯಿಂದಲೂ ನಾಲ್ಕನೇ ಗುಡ್ಡ ದಾಟಲು ಆಗಿಲ್ಲ, ಕಳ್ಳಕೀಲಿ ಒತ್ತಿ ಮುಂದಿನದನ್ನು ತೆರೆದು ಕೆಲಸ ಮಾಡುತ್ತಿದ್ದೆ. ಹೀಗಿರುವಾಗ ನೀನು ಕೊನೆ ನೋಡಿ ಮೈ ಜುಮ್ಮೆಂದಿತು ಎಂದು ಬರೆದೆ.

ಸಿಟ್ಟು ಬಂತು. ಏನು ಬರೆಯುತ್ತಾನೋ ನೋಡೇಬಿಡೋಣ ಎಂದು ಕೇಳಿದೆ. ನೀನು ಆ ದೀಪಗಳನ್ನು ಬರೆದೆ, ಮೇಕೆಯನ್ನು ಬರೆದೆ. ಲಾರಿಯೊಂದು ಕಟ್ಟೆಯ ಮೇಲೆ ನಿಂತಿತ್ತು. ಚಾಲಕ ಕೊಟ್ರಬಸಪ್ಪ, ನಮ್ಮಲ್ಲಿಗೆ ಯಾವಾಗಲೂ ಬರುವವನು, ಕಿಟಕಿ ಬಡಿದು "ಯಕ್ಕಾ, ಚೀಟಿ ಕೊಡ್ತೀಯೋ ಇಲ್ಲಾ ಲಾರಿ ಇಲ್ಲೇ ಬಿಟ್ಟು ಹೋಗ್ಲೋ" ಎಂದು ಕೂಗುವವರೆಗೂ ನಾನು ಆ ಪತ್ರದಲ್ಲೇ ಇದ್ದೆ.

ಎರಡು ತಿಂಗಳು ಕೈತುಂಬ ಕೆಲಸವಿತ್ತು ಎಂದೆನಲ್ಲ, ಅದು ಈ ಕೆಲಸ. ಈ ಲಕೋಟೆಯೊಳಗೆ ಪೆನ್‌ಡ್ರೈವ್ ಇದೆ. ಕಳ್ಳಕೀಲಿ ಯಾವುದೆಂದು ಚೀಟಿಯಲ್ಲಿ ಬರೆದಿದ್ದೇನೆ. ನೇರ ಐದನೇ ಗುಡ್ಡದ ತುದಿಗೆ ಹೋಗು.

ಇನ್ನೊಂದು ಮಾತು. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಗೊತ್ತಿದ್ದೂ ಕವಣೆಯ ವಿಷಯದಲ್ಲಿ ಮಾತ್ರ ನಿನ್ನನ್ನು ನಂಬಿದೆ. ನನಗೆ ಅದು ಬೇಕಾಗಿತ್ತು. ಈಗಲೂ ಅದನ್ನು ಬದಲಾಯಿಸುವುದಿಲ್ಲ. ಅದು ಅಪ್ಪನ ಕವಣೆ. ಅವರು ಹೊಲದಲ್ಲಿ ನಿಂತು ಬೀಸುವಾಗ ನಾನು ಎರಡು ಹಂಗಾಮು ಪಕ್ಕದಲ್ಲಿ ಕೂತು ಎಷ್ಟು ಸುತ್ತು, ಎಷ್ಟು ಹೊತ್ತು, ಯಾವ ಕ್ಷಣಕ್ಕೆ ಬೆರಳು ಬಿಡುತ್ತಾರೆ ಎಂದು ಅಳೆದಿದ್ದೇನೆ. ಆಟದಲ್ಲಿರುವುದು ಅದೇ, ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಅಪ್ಪ ನಲವತ್ತು ಮಾರು ದೂರದ ಗಿಳಿಯನ್ನು ಗಾಯ ಮಾಡದೆ ಎಬ್ಬಿಸುತ್ತಾರೆ. ಅವರ ಕೈ ಸರಿ ಇದೆ ಎಂದಮೇಲೆ ಆಟದ ಕವಣೆಯೂ ಸರಿ ಇದೆ.

ಮಾಲಾ


ಕೂಡ್ಲಿಗಿ
29 ಸೆಪ್ಟೆಂಬರ್ 2024

ಅಕ್ಕ,

ಏನು ಬರೆಯಲಿ. ಒಂಬತ್ತು ಸಲ ನೋಡಿದೆ.

ನಾನು ದೀಪ ಅಂದಿದ್ದೆ. ನೀವು ದೀಪ ಹತ್ತುವ ಮೊದಲು ಒಂದು ಚೂರು ತಡಬಡಾಯಿಸುವಂತೆ ಮಾಡಿದ್ದೀರಿ, ನಮ್ಮಲ್ಲಿ ಕರೆಂಟು ಬಂದ ಹಾಗೆ. ನಾನು ಹೆಂಗಸು ಅಂದಿದ್ದೆ. ನೀವು ಎಲ್ಲರ ಹಿಂದೆ ಒಂದು ಮುದುಕಿಯನ್ನು ಇಟ್ಟಿದ್ದೀರಿ, ಮೂರು ಮೆಟ್ಟಿಲಿಗೊಮ್ಮೆ ನಿಂತು ಸೊಂಟಕ್ಕೆ ಕೈ ಕೊಡುತ್ತಾಳೆ. ನಮ್ಮ ಅಜ್ಜಿ ಕರಿಯಕ್ಕನನ್ನು ಕರೆದು ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಪಾಪ, ಆಕಿಗೆ ಕೂಡಾಕ ನಡುವ ಒಂದು ಕಲ್ಲು ಹಾಕಂತ ಹೇಳು ಆ ಹುಡುಗಿಗೆ" ಅಂದಳು. ನನ್ನ ಸುಳ್ಳು ಇಷ್ಟು ಚೆಂದ ನಿಜ ಆಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಗ್ರೂಪಿಗೆ ಹಾಕಲಿಲ್ಲ. ಕಳ್ಳಕೀಲಿಯಿಂದ ನೋಡುವಂಥದ್ದಲ್ಲ ಇದು. ಎರಡನೇ ಗುಡ್ಡ, ಮೂರನೇ ಗುಡ್ಡ, ಎಲ್ಲಾ ಹತ್ತಿ ಬಂದವರಿಗೆ ಕಾಣಬೇಕು. ಹತ್ತೋಕೆ ಆಗಬೇಕಲ್ಲ ಅಕ್ಕ!

ಅಪ್ಪನ ಕೈ ಅಳೆದೆ ಅಂದಿರಿ. ಅದಕ್ಕೆ ನಾನೂ ಕವಣೆ ಹಿಡಿದೆ. ಅಜ್ಜಿದೇ ಇತ್ತು. ಹೊಲಕ್ಕೆ ಹೋಗಿ ನಿಂತೆ. ಮೊದಲನೇ ಕಲ್ಲು ಹಿಂದಕ್ಕೆ ಹೋಗಿ ಪಕ್ಕದ ಹೊಲದ ಪಾಲಾಕ್ಷಪ್ಪನವರ ಶೆಡ್ಡಿನ ತಗಡಿಗೆ ಬಡಿಯಿತು. "ಯಾವನಲೇ ಅವನು!" ಅಂತ ಒಳಗಿನಿಂದ ಕೂಗಿದರು. ಅಜ್ಜಿ ನಕ್ಕು ನಕ್ಕು ಕೂತುಬಿಟ್ಟಳು. ಹತ್ತು ಕಲ್ಲು ಹೋದಮೇಲೆ ಅಂದಳು: "ಕಣ್ಣು ಮುಚ್ಚು. ಕಣ್ಣಿಂದ ಬಿಡಾದಲ್ಲ ಇದು. ಕಲ್ಲು ಎಳೀತತಿ, ಬೆರಳಿಗೆ ತಿಳೀತತಿ. ಭಾರ ಆತು ಅಂದಾಗ ಬಿಡು."

ಕಣ್ಣು ಮುಚ್ಚಿ ತಿರುಗಿಸಿದೆ. ಅಕ್ಕ, ನಿಜವಾಗಲೂ ಬೆರಳಿಗೆ ತಿಳಿಯುತ್ತೆ. ಕಲ್ಲು ಕೈಯನ್ನು ಜಗ್ಗುತ್ತೆ, ಒಂದು ಹಂತಕ್ಕೆ ಇಡೀ ತೋಳು ಭಾರ ಆಗುತ್ತೆ. ಬಿಟ್ಟೆ. ನೆಟ್ಟಗೆ ಹೋಯಿತು.

ಕೀಲಿಗೆ ಆ ಭಾರ ಇಲ್ಲ. ನೀವು ಅಪ್ಪನ ಕೈ ಪೂರ್ತಿ ಅಳೆದು ಹಾಕಿದ್ದೀರಿ, ಅಪ್ಪನ ಕೈಗೆ ಏನು ಗೊತ್ತಾಗುತ್ತೋ ಅದು ನಮಗೆ ಗೊತ್ತಾಗಲ್ಲ. ನಾವು ಖಾಲಿ ಕೈಯಲ್ಲಿ ಬೀಸುತ್ತಾ ಇದ್ದೇವೆ.

ಇನ್ನು ಇಪ್ಪತ್ತು ದಿನ ಇದೆ. ಏನಾದರೂ ಮಾಡಿ.

ಹುಲುಗೇಶ್


ಚಿಗಟೇರಿ
24 ಅಕ್ಟೋಬರ್ 2024

ತಮ್ಮಾ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಹೊಸಪೇಟೆಗೆ ಹೋದೆ. ಕವಣೆ ಮುಟ್ಟಲಿಲ್ಲ. ಆರು ವರ್ಷ ಮಾಡಿದ್ದನ್ನು ಮೊಬೈಲ್ ರಿಪೇರಿ ಹುಡುಗನೊಬ್ಬ ಹತ್ತು ಕಲ್ಲು ಬೀಸಿ ತಪ್ಪು ಅಂದ, ಅದು ಚುಚ್ಚಿತು.

ಮೂವತ್ತೊಂದು ಜನ ಬಂದು ಕೂತರು. ಬಸ್ಸು ನೋಡಿ ಕೂಗಿದರು, ಫೋಟೋ ತೆಗೆದರು. ಆಮೇಲೆ ಕವಣೆ ಬೀಸಿದರು, ಬಿದ್ದರು, ಬೀಸಿದರು, ಬಿದ್ದರು, ಎದ್ದು ಹೋದರು. ಇಬ್ಬರು ಮಾತ್ರ ಮೊದಲನೇ ಗುಡ್ಡ ದಾಟಿ ಕರಡಿ ನೋಡಿದರು. ಒಬ್ಬ ಹುಡುಗಿ ಹೋಗುವಾಗ, "ಮೇಡಂ, ಇದು ಆಡೋದಕ್ಕಿಂತ ನೋಡೋದಕ್ಕೇ ಚೆಂದ" ಅಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅಪ್ಪ ಜೊತೆಗೆ ಬಂದಿದ್ದರು, ಹೊಸ ಅಂಗಿ ತೊಟ್ಟು, ನಿನ್ನ ಮೊದಲ ಪತ್ರ ಜೇಬಿನಲ್ಲಿಟ್ಟುಕೊಂಡು. ಸಂಜೆ ಮೇಜು ಖಾಲಿಯಾದ ಮೇಲೆ, "ಸರಿ ಕೂಡ್ರು, ನಾ ಒಂದು ಕೈ ನೋಡ್ತೀನಿ" ಅಂದರು. ನನಗೆ ಒಳಗೊಳಗೇ ಖುಷಿಯಾಯಿತು. ಇವರದೇ ಕೈ, ಇವರು ಗೆಲ್ಲುತ್ತಾರೆ, ಎಲ್ಲರ ಬಾಯಿ ಮುಚ್ಚುತ್ತದೆ ಎಂದುಕೊಂಡೆ. ಕೀಲಿ ಹೇಗೆ ಹಿಡಿಯಬೇಕೆಂದು ತೋರಿಸಿದೆ.

ಅಪ್ಪ ಬೀಸಿದರು. ಕಲ್ಲು ಹಿಂದಕ್ಕೆ ಹೋಯಿತು. ಇನ್ನೊಮ್ಮೆ. ನೆಲಕ್ಕೆ ಹೋಯಿತು. ಹದಿನೈದು ಸಲ ಬೀಸಿರಬೇಕು, ಹಣೆ ಬೆವೆತಿತ್ತು. ಒಂದು ಮೆಟ್ಟಿಲೂ ಮೂಡಲಿಲ್ಲ. ಆಮೇಲೆ ಕೈ ತೆಗೆದು, ಬೆರಳುಗಳನ್ನು ನೋಡಿಕೊಂಡು, ಬಹಳ ಮೆಲ್ಲಗೆ ಅಂದರು: "ಮಾಲಾ, ಇದ್ರಾಗ ಕಲ್ಲಾ ಇಲ್ಲಲ್ಲವ್ವಾ."

ರಾತ್ರಿಯ ಬಸ್ಸಿಗೆ ಊರಿಗೆ ವಾಪಸ್ಸಾದೆವು.

ಸೋಮವಾರ ಕೆಲಸಕ್ಕೆ ಹೋದೆ. ಹೊಸ ಮಾಲಿನ ಮೊದಲ ಲಾರಿ ಕಟ್ಟೆ ಏರಿತು. ಪರದೆಯ ಮೇಲೆ ಅಂಕಿ ಕುಣಿಯಿತು, ಮೇಲೆ ಕೆಳಗೆ ಆಯಿತು, ಆಮೇಲೆ ನಿಂತಿತು. ಅದು ನಿಂತಮೇಲೆಯೇ ನಾನು ಗುಂಡಿ ಒತ್ತುವುದು. ಹನ್ನೊಂದು ವರ್ಷದಿಂದ ದಿನವೂ ಇದನ್ನೇ ಮಾಡುತ್ತಿದ್ದೇನೆ. ಅಂಕಿ ಕಾಣದಂತೆ ಪರದೆ ಮುಚ್ಚಿ ಒತ್ತು ಎಂದರೆ ನಾನೂ ಒತ್ತಲಾರೆ. ಆಡುವವರಿಗೆ ನಾನು ಮಾಡಿದ್ದು ಅದನ್ನೇ. ಕೊಟ್ರಬಸಪ್ಪ ಮತ್ತೆ ಕಿಟಕಿ ಬಡಿದ. ಈ ಸಲ ಅವನಿಗೆ ಬೈದೆ.

ಆಟ ಅಳಿಸುವುದಿಲ್ಲ. ಅಪ್ಪನ ಕೈ ಅಳೆದ ಲೆಕ್ಕವನ್ನೂ ಅಳಿಸುವುದಿಲ್ಲ. ಅದಕ್ಕೆ ಭಾರ ಹಾಕಬೇಕು. ಎಲ್ಲವನ್ನೂ ಬಿಚ್ಚಿದ್ದೇನೆ. ಲಾರಿಗಳ ನಡುವೆ ಸಿಕ್ಕಷ್ಟು ಹೊತ್ತು ಕೂರುತ್ತೇನೆ, ಎಷ್ಟು ದಿನವಾಗುತ್ತದೋ ತಿಳಿಯದು. ಅಪ್ಪ ಪಕ್ಕದಲ್ಲಿ ಕೂತು ನಿಜವಾದ ಕವಣೆ ಬೀಸುತ್ತಾ "ಹಿಂಗ ಸುಂಯ್ ಅಂತತಿ, ಆಮೇಲೆ ಸಣ್ಣಗ ಆಕ್ಕತಿ, ಕೇಳು" ಎಂದು ಸದ್ದು ಹಿಡಿದು ಕೊಡುತ್ತಿದ್ದಾರೆ. ತೂಕದ ಕೋಣೆಯ ಒಂದು ಬಲ್ಬು ಹೋಯಿತು.

ಮುಗಿದಾಗ ಕಳಿಸುತ್ತೇನೆ. ಕಳ್ಳಕೀಲಿ ತೆಗೆದುಹಾಕಿದ್ದೇನೆ. ಏನು ಕಂಡಿತೋ ಅಷ್ಟನ್ನೇ ಬರೆ. ಚೆಂದ ಮಾಡಬೇಡ.

ಅಕ್ಕ


ಕೂಡ್ಲಿಗಿ
9 ಫೆಬ್ರವರಿ 2025

ಅಕ್ಕ,

ಪೆನ್‌ಡ್ರೈವ್ ಗುರುವಾರ ಬಂತು. ಅಂಗಡಿಗೆ ಭಾನುವಾರ ರಜೆ, ಅದಕ್ಕೆ ಇವತ್ತಿನ ತನಕ ಮುಟ್ಟದೆ ಇಟ್ಟುಕೊಂಡಿದ್ದೆ. ಆ ಮೂರು ದಿನ ನಾನು ಹೇಗಿದ್ದೆ ಅಂತ ದುರ್ಗಾನ ಕೇಳಿ.

ಕಂಡಷ್ಟೇ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕೂತೆ. ಕೀಲಿ ಒತ್ತಿದೆ. ಮೊದಲು ಸದ್ದು ದಪ್ಪಗೆ ಬಂತು. ಗಾಳಿಯ ಭುಜ ಒಂದು ಚುಕ್ಕಿಯಷ್ಟು ಕೆಳಗೆ ಇಳಿಯಿತು. ಹಗ್ಗ ಬಿಗಿಯಿತು. ಸದ್ದು ತೆಳ್ಳಗಾಗುತ್ತಾ ಆಗುತ್ತಾ ಒಂದು ಕಡೆ ನಿಂತುಬಿಟ್ಟಿತು. ನನ್ನ ಬೆರಳು ತಾನೇ ಎದ್ದಿತು ಅಕ್ಕ, ನಾನು ಎತ್ತಲಿಲ್ಲ. ಮೆಟ್ಟಿಲು ಮೂಡಿತು. ಹೊಲದಲ್ಲಿ ಅಜ್ಜಿ ಪಕ್ಕ ನಿಂತಾಗ ತೋಳಿಗೆ ಏನು ಗೊತ್ತಾಯಿತೋ, ಅದು ಕಿವಿಯಿಂದ ಒಳಗೆ ಬಂತು. ಒಂದು ಪ್ಲಾಸ್ಟಿಕ್ ಗುಂಡಿಯಲ್ಲಿ ಕಲ್ಲು ಇಟ್ಟಿದ್ದೀರಿ. ಹೇಗೆ ಇಟ್ಟಿರಿ ಅಂತ ಕೇಳಲ್ಲ, ಹೇಳಿದರೂ ನನಗೆ ತಿಳಿಯಲ್ಲ.

ಮೊದಲನೇ ಗುಡ್ಡ ಇಪ್ಪತ್ತು ನಿಮಿಷಕ್ಕೆ ದಾಟಿದೆ. ಎರಡನೇದರಲ್ಲಿ ಕರಡಿ ಮಲಗಿತು, ನಾನು ಅದರ ತಲೆಯ ಮೇಲಿನಿಂದ ಹತ್ತಿ ಆಚೆ ಹೋದೆ. ಎಂಟು ತಿಂಗಳ ಮೇಲೆ. ಆಚೆ ಏನಿದೆ ಅಂತ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ: ಬಂಡೆ ಬಿರುಕಿನಲ್ಲಿ ನೀರು, ನೀರಿನಲ್ಲಿ ಪೂರ್ತಿ ಆಕಾಶ ತಲೆಕೆಳಗಾಗಿತ್ತು. ಕೀಲಿಯಿಂದ ಕೈ ತೆಗೆದು ನೋಡುತ್ತಾ ಕೂತೆ. ಇಷ್ಟು ದಿನ ಇದು ಇಲ್ಲೇ ಇತ್ತು, ನಾವು ಯಾರೂ ನೋಡಿರಲಿಲ್ಲ.

ಮೂರನೇ ಗುಡ್ಡದ ಅರ್ಧಕ್ಕೆ ಕಾಲಿಡಲು ಜಾಗ ಸಣ್ಣದು, ಮುಂದಿನ ಬಂಡೆ ದೂರ. ಕವಣೆ ತಿರುಗಿಸಿದೆ. ಸದ್ದು ಇನ್ನೂ ದಪ್ಪ ಇತ್ತು. ಕೇಳಿಸುತ್ತಲೇ ಇತ್ತು. ಆದರೂ ಬಿಟ್ಟೆ. ಕಲ್ಲು ಹಿಂದಕ್ಕೆ ಹೋಯಿತು, ಗಾಳಿ ಕೆಳಗೆ ಬಿದ್ದಳು, ಮೊದಲಿನಿಂದ ಶುರು.

ನಾನು ಜೋರಾಗಿ ನಕ್ಕೆ. ದುರ್ಗಾ ಒಳಗಿನಿಂದ ಬಂದು ಪರದೆ ನೋಡಿ, "ಬಿದ್ದಾಳಲ್ಲಲೇ ಆಕಿ, ಯಾಕ ಹಂಗ ನಗಾಕತ್ತಿ?" ಅಂದಳು.

ಆಕೆಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ ಅಕ್ಕ. ಬಿದ್ದದ್ದು ನನ್ನ ತಪ್ಪಿಗೆ. ನಾನು ಅವಸರ ಮಾಡಿದೆ.

ಹುಲುಗೇಶ್